ಬೆಳ್ಳಟ್ಟಿಯಿಂದ ಗದಗ, ಹುಬ್ಬಳ್ಳಿ, ಬೆಂಗಳೂರು: ಯಾವ ದಾರಿ, ಯಾವ ರೈಲು, ಯಾರ ರಸ್ತೆ? ಇಲ್ಲಿದೆ ಪೂರ್ತಿ ಮಾಹಿತಿ

ಶಿರಹಟ್ಟಿ: ಗದಗ-ಬೆಟಗೇರಿ ಅವಳಿ ನಗರಕ್ಕೆ ಸಂಪರ್ಕದ ಕೊರತೆ ಇಲ್ಲ. ರೈಲು ಜಂಕ್ಷನ್ ಐತಿ, ರಾಷ್ಟ್ರೀಯ ಹೆದ್ದಾರಿ ಐತಿ, ನಾಲ್ಕೂ ದಿಕ್ಕಿಗೆ ಬಸ್ ಅದಾವು. ಮುಂಬೈ, ಕೋಲ್ಕತ್ತಾ, ಬೆಂಗಳೂರು, ಗೋವಾ ಎಲ್ಲದಕ್ಕೂ ಅಲ್ಲಿಂದ ದಾರಿ ಉಂಟು. ಆದರೆ ಬೆಳ್ಳಟ್ಟಿ, ಅದರ ಆಚೆ ಹೊಳಿ ದಂಡಿಯ ಹಳ್ಳಿಗಳವರಿಗೆ ಪ್ರಶ್ನೆ ಬೇರೆಯೇ. ಗದಗದಿಂದ ಮುಂದೆ ಹೋಗೋದು ಸಲೀಸು, ಗದಗದ ತನಕ ಹೋಗೋದೇ ಕಷ್ಟ. ರಾತ್ರಿ ರೈಲು ಇಳಿದವರಿಗೆ ಊರಿನ ಬಸ್ ಇರೋದಿಲ್ಲ. ಬೆಳಗಿನ ರೈಲು ಹಿಡಿಯುವವರು ಹಿಂದಿನ ದಿನವೇ ಹೊರಡಬೇಕು. ಅಂಗಡಿಕಾರರ ಮಾಲು ಗದಗಕ್ಕೆ ಒಂದು ದಿನದಲ್ಲಿ ಬಂದರೂ ಅಲ್ಲಿಂದ ಊರಿಗೆ ಬರಲು ಮತ್ತೊಂದು ದಿನ ಕಾಯಬೇಕು.

ಹೀಗಾಗಿ ಬೆಳ್ಳಟ್ಟಿ ಭಾಗದ ಪ್ರಯಾಣಿಕರು, ವ್ಯಾಪಾರಸ್ಥರು, ವಿದ್ಯಾರ್ಥಿಗಳಿಗೆ ಉಪಯೋಗ ಆಗುವ ಸಾರಿಗೆ ಮಾಹಿತಿಯನ್ನು ಒಂದೇ ಕಡೆ ಕೊಟ್ಟಿದ್ದೇವೆ. ಬಸ್, ರೈಲಿನ ವೇಳೆ ಆಗಾಗ ಬದಲಾಗುವುದರಿಂದ ಅವನ್ನು ಇಲ್ಲಿ ಹಾಕಿಲ್ಲ. ದಾರಿ ಮತ್ತು ನಿಯಮಗಳನ್ನಷ್ಟೇ ಕೊಟ್ಟಿದ್ದೇವೆ.

ಬೆಳ್ಳಟ್ಟಿ ಸುತ್ತ ಏನೇನು?

ಬೆಳ್ಳಟ್ಟಿಯ ಉತ್ತರಕ್ಕೆ ತಾಲ್ಲೂಕು ಕೇಂದ್ರ ಶಿರಹಟ್ಟಿ, ಪಶ್ಚಿಮದ ಕಡೆಗೆ ಲಕ್ಷ್ಮೇಶ್ವರ, ಪೂರ್ವದ ಕಡೆಗೆ ಮುಂಡರಗಿ. ದಕ್ಷಿಣಕ್ಕೆ ತುಂಗಭದ್ರಾ ಹೊಳಿ. ಅಂದರೆ ಮೂರು ಕಡೆ ತಾಲ್ಲೂಕು ಕೇಂದ್ರ, ಒಂದು ಕಡೆ ನೀರು. ಗದಗ ಮತ್ತು ಈ ಭಾಗದ ನಡುವೆ ಕಪ್ಪತಗುಡ್ಡದ ಸಾಲು ಹಬ್ಬಿದೆ. 2019ರಲ್ಲಿ ಇದನ್ನು ವನ್ಯಜೀವಿಧಾಮ ಎಂದು ಘೋಷಿಸಲಾಗಿದೆ.

ಮೊದಲು ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ್ ಸಂಸ್ಥಾನಕ್ಕೆ ಸೇರಿತ್ತು. ಗದಗ, ಮುಂಡರಗಿ ಮುಂಬೈ ಪ್ರಾಂತ್ಯದಲ್ಲಿದ್ದವು. ಸ್ವಾತಂತ್ರ್ಯದ ನಂತರ ಎಲ್ಲವೂ ಧಾರವಾಡ ಜಿಲ್ಲೆಗೆ ಸೇರಿದವು. 1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆ ಆಯಿತು. ಮುಂದೆ ಶಿರಹಟ್ಟಿ ತಾಲ್ಲೂಕಿನಿಂದ ಲಕ್ಷ್ಮೇಶ್ವರ ಬೇರೆ ತಾಲ್ಲೂಕಾಯಿತು. ಈಗ ಕಚೇರಿ ಕೆಲಸ ಶಿರಹಟ್ಟಿಗೆ, ದೊಡ್ಡ ಕಚೇರಿ ಕೆಲಸ ಗದಗಕ್ಕೆ, ಸಂತಿ-ಪ್ಯಾಟಿ ಹಲವರಿಗೆ ಲಕ್ಷ್ಮೇಶ್ವರಕ್ಕೆ. ಒಂದೇ ಮನೆಯವರು ಮೂರು ದಿಕ್ಕಿಗೆ ಓಡಾಡುವ ಪರಿಸ್ಥಿತಿ.

ಪ್ರಮುಖ ರಸ್ತೆಗಳು

* ಗದಗ–ಹುಬ್ಬಳ್ಳಿ, ಗದಗ–ಕೊಪ್ಪಳ: ರಾಷ್ಟ್ರೀಯ ಹೆದ್ದಾರಿ 67. ಹಳೆಯ ನಂಬರ್ 63. ಪಶ್ಚಿಮಕ್ಕೆ ಹುಲಕೋಟಿ, ಅಣ್ಣಿಗೇರಿ ಮೇಲೆ ಹುಬ್ಬಳ್ಳಿ, ಪೂರ್ವಕ್ಕೆ ಲಕ್ಕುಂಡಿ ಮೇಲೆ ಕೊಪ್ಪಳ, ಹೊಸಪೇಟೆ, ಬಳ್ಳಾರಿ. ಗದಗದಿಂದ ಹುಬ್ಬಳ್ಳಿ ಹೆಚ್ಚುಕಡಿಮೆ 60 ಕಿ.ಮೀ.
* ಗದಗ–ಲಕ್ಷ್ಮೇಶ್ವರ: ಸುಮಾರು 40 ಕಿ.ಮೀ. ಜನ ಇದನ್ನು ಪಾಲಾ-ಬದಾಮಿ ರಸ್ತೆ ಅಂತಲೇ ಕರೀತಾರೆ. ದಾರಿಯಲ್ಲೇ ಮಾಗಡಿ ಕೆರೆ ಸಿಗುತ್ತದೆ. ಚಳಿಗಾಲದಲ್ಲಿ ದೂರದ ದೇಶಗಳಿಂದ ಪಟ್ಟೆತಲೆ ಹೆಬ್ಬಾತು ಬರುವ ಈ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಮಾಗಡಿಯಿಂದ ಶಿರಹಟ್ಟಿ ಸುಮಾರು 8 ಕಿ.ಮೀ., ಲಕ್ಷ್ಮೇಶ್ವರ ಸುಮಾರು 11 ಕಿ.ಮೀ.
* ಗದಗ–ಮುಂಡರಗಿ: ಡಂಬಳದ ಮೇಲೆ ಹೋಗುವ ದಾರಿ, ಸುಮಾರು 40 ಕಿ.ಮೀ. ಮುಂದೆ ಕೊರ್ಲಹಳ್ಳಿ ಸೇತುವೆ ದಾಟಿದರೆ ಹೂವಿನಹಡಗಲಿ ಕಡೆ.
* ಲಕ್ಷ್ಮೇಶ್ವರ–ಸವಣೂರು–ಬಂಕಾಪುರ: ಈ ದಾರಿ ಹಿಡಿದರೆ ಬೆಂಗಳೂರು–ಪುಣೆ ಹೆದ್ದಾರಿಗೆ (ರಾ.ಹೆ. 48) ಸೇರಬಹುದು. ಹಾವೇರಿ, ದಾವಣಗೆರೆ, ಶಿರಸಿ ಕಡೆ ಹೋಗುವವರು ಗದಗಕ್ಕೆ ಹೋಗಿ ಸುತ್ತುವ ಅಗತ್ಯ ಇಲ್ಲ.

ಇಷ್ಟು ನೋಡಿದರೆ ಒಂದು ಮಾತು ತಿಳೀತದ. ದೊಡ್ಡ ರಸ್ತೆ ಒಂದೂ ಬೆಳ್ಳಟ್ಟಿಯ ಮೇಲೆ ಹಾಯೋದಿಲ್ಲ. ಯಾವ ದಿಕ್ಕಿಗೆ ಹೋದರೂ ಮೊದಲು ಶಿರಹಟ್ಟಿ, ಲಕ್ಷ್ಮೇಶ್ವರ ಇಲ್ಲಾ ಮುಂಡರಗಿ ಮುಟ್ಟಬೇಕು. ಆ ಮೊದಲ ತುಂಡು ರಸ್ತೆ ಕೆಟ್ಟರೆ, ಅದರ ಮೇಲಿನ ಬಸ್ ತಪ್ಪಿದರೆ, ಮುಂದಿನ ಎಲ್ಲ ಲೆಕ್ಕ ತಪ್ಪಿದಂತೆ.

ಬಸ್: ಗೊತ್ತಿರಬೇಕಾದ ವಿಷಯ

ಈ ಭಾಗದ ಸರ್ಕಾರಿ ಬಸ್ ಓಡಿಸುವುದು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ. ಗದಗ ಜಿಲ್ಲೆ ಹುಟ್ಟಿದ 1997ರಲ್ಲೇ ಈ ಸಂಸ್ಥೆಯೂ ಶುರುವಾಯಿತು. ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ. ನಮ್ಮ ಬಸ್‌ಗಳು ಗದಗ ವಿಭಾಗಕ್ಕೆ ಸೇರುತ್ತವೆ.

ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂತು. ಕರ್ನಾಟಕದ ಮಹಿಳೆಯರಿಗೆ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್‌ನಲ್ಲಿ ಟಿಕೆಟ್ ಹಣ ಇಲ್ಲ. ರಾಜ್ಯದ ವಿಳಾಸ ಇರುವ ಆಧಾರ್ ಅಥವಾ ಸರ್ಕಾರಿ ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ಪಡೆಯಲೇಬೇಕು. ರಾಜಹಂಸ, ಸ್ಲೀಪರ್, ಎ.ಸಿ. ಬಸ್‌ಗೆ ಇದು ಅನ್ವಯಿಸೋದಿಲ್ಲ. ಗದಗದಿಂದ ರಾತ್ರಿ ಬೆಂಗಳೂರಿಗೆ ಹೊರಡುವವರು ಯಾವ ನಮೂನಿ ಬಸ್ ಅಂತ ಮೊದಲೇ ನೋಡಿಕೊಳ್ಳಬೇಕು. ಗಂಡಸರ ಟಿಕೆಟ್ ದರ 2025ರ ಜನವರಿ 5ರಿಂದ ಶೇ 15ರಷ್ಟು ಏರಿದೆ.

ವಿದ್ಯಾರ್ಥಿಗಳ ಬಸ್ ಪಾಸ್‌ಗೆ ಸೇವಾಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಗ್ರಾಮ ಒನ್ ಕೇಂದ್ರದಲ್ಲೂ ಅರ್ಜಿ ಹಾಕಿಸಬಹುದು. ಪಾಸ್‌ನಲ್ಲಿ ದಾರಿ ಬರೆಸುವಾಗ ಹುಷಾರಾಗಿರಬೇಕು. ಗದಗದ ಕಾಲೇಜಿಗೆ ಹೋಗುವ ಬೆಳ್ಳಟ್ಟಿ ಹುಡುಗರು ಶಿರಹಟ್ಟಿ ಮೇಲೆ ಹೋಗುತ್ತೀರೋ ಲಕ್ಷ್ಮೇಶ್ವರ ಮೇಲೋ ಎಂಬುದನ್ನು ಸರಿಯಾಗಿ ನಮೂದಿಸದಿದ್ದರೆ ಬೇರೆ ದಾರಿಯ ಬಸ್‌ನಲ್ಲಿ ಕಂಡಕ್ಟರ್ ಜೊತೆ ದಿನಾ ಜಗಳ.

ಬಸ್ ತಪ್ಪಿದರೆ ಉಳಿಯೋದು ಟಂಟಂ, ಟಾಟಾ ಏಸ್. ಸರಕು ವಾಹನದ ಹಿಂದೆ ಜನ ಹತ್ತೋದು ಕಾನೂನಿಗೆ ವಿರುದ್ಧ. ಅಪಘಾತ ಆದರೆ ವಿಮಾ ಪರಿಹಾರ ಸಿಗೋದೂ ಕಷ್ಟ ಆಗತದ. ಕೂಲಿಗೆ ಹೋಗುವ ಹೆಣ್ಣುಮಕ್ಕಳೇ ಹೆಚ್ಚಾಗಿ ಹೀಗೆ ಹೋಗುವವರು. ಆದ್ದರಿಂದ ಬೆಳಗಿನ ಬಸ್ ಇಲ್ಲದಿರೋದು ಬರೇ ಅನಾನುಕೂಲದ ಮಾತಲ್ಲ, ಜೀವದ ಮಾತು.

ರೈಲು: ಗದಗ ಜಂಕ್ಷನ್

ಗದಗಕ್ಕೆ ರೈಲು ಬಂದು 140 ವರ್ಷ ದಾಟಿತು. 1876–78ರ ಭೀಕರ ಬರದ ನಂತರ ಧಾನ್ಯ, ಹತ್ತಿ ಸಾಗಿಸಲು ಬ್ರಿಟಿಷರು ಈ ಸೀಮೆಗೆ ಹಳಿ ಹಾಕಿದರು. ಹೋಟಗಿ–ಗದಗ ಮೀಟರ್ ಗೇಜ್ ಮಾರ್ಗ 1884ರಲ್ಲಿ ತೆರೆಯಿತು. ಈಗ ಎಲ್ಲವೂ ಬ್ರಾಡ್ ಗೇಜ್. ಗದಗದಿಂದ ಮೂರು ದಿಕ್ಕಿಗೆ ಹಳಿ ಹೋಗಿದೆ:

1. ಪಶ್ಚಿಮಕ್ಕೆ ಹುಬ್ಬಳ್ಳಿ. ಅಲ್ಲಿಂದ ಬೆಳಗಾವಿ, ಗೋವಾ, ದಾವಣಗೆರೆ, ಬೆಂಗಳೂರು.
2. ಪೂರ್ವಕ್ಕೆ ಕೊಪ್ಪಳ, ಹೊಸಪೇಟೆ, ಬಳ್ಳಾರಿ, ಗುಂತಕಲ್.
3. ಉತ್ತರಕ್ಕೆ ಹೊಳೆಆಲೂರು, ಬಾದಾಮಿ, ಬಾಗಲಕೋಟೆ, ವಿಜಯಪುರ, ಸೊಲ್ಲಾಪುರ. ಅಲ್ಲಿಂದ ಮುಂಬೈ.

ಹುಬ್ಬಳ್ಳಿ–ಮೈಸೂರು ಹಂಪಿ ಎಕ್ಸ್‌ಪ್ರೆಸ್, ವಾಸ್ಕೋ–ಹೌರಾ ಅಮರಾವತಿ ಎಕ್ಸ್‌ಪ್ರೆಸ್, ಗೋಲಗುಂಬಜ ಎಕ್ಸ್‌ಪ್ರೆಸ್ ಗದಗದ ಮೇಲೆ ಹೋಗುವ ಹೆಸರುವಾಸಿ ಗಾಡಿಗಳು. ಬೆಂಗಳೂರಿಗೆ ಹೋಗುವವರು ಒಂದು ವ್ಯತ್ಯಾಸ ತಿಳಿದಿರಬೇಕು. ಹಂಪಿ ಎಕ್ಸ್‌ಪ್ರೆಸ್ ಹೊಸಪೇಟೆ, ಬಳ್ಳಾರಿ, ಗುಂತಕಲ್ ಸುತ್ತಿ ಬೆಂಗಳೂರು ಸೇರುತ್ತದೆ. ಗೋಲಗುಂಬಜ ಹುಬ್ಬಳ್ಳಿ, ದಾವಣಗೆರೆ, ಅರಸೀಕೆರೆ ಮೇಲೆ ಹೋಗುತ್ತದೆ. ದಾವಣಗೆರೆ ಆಸ್ಪತ್ರೆಗೆ ಹೋಗುವವರು ತಪ್ಪಿ ಹಂಪಿ ಗಾಡಿ ಹತ್ತಬಾರದು.

ಅಮೃತ ಭಾರತ ಯೋಜನೆಯಡಿ ನವೀಕರಿಸಿದ ಗದಗ ನಿಲ್ದಾಣವನ್ನು 2025ರ ಮೇ 22ರಂದು ಪ್ರಧಾನಿ ಉದ್ಘಾಟಿಸಿದರು. ಅದೇ ದಿನ ಧಾರವಾಡ, ಬಾಗಲಕೋಟೆ, ಮುನಿರಾಬಾದ್, ಗೋಕಾಕ್ ರೋಡ್ ನಿಲ್ದಾಣಗಳೂ ಉದ್ಘಾಟನೆಯಾದವು. ಅದಕ್ಕೂ ಒಂದು ವಾರ ಮೊದಲು ತಳಕಲ್–ಕುಷ್ಟಗಿ ನಡುವೆ ಹೊಸ ರೈಲು ಓಡಿತು. ಇದು ಗದಗ–ವಾಡಿ ಮಾರ್ಗದ ಮೊದಲ ದೊಡ್ಡ ತುಂಡು. ಪೂರ್ತಿ ಆದಾಗ ಲಿಂಗಸುಗೂರು, ಸುರಪುರ, ಶಹಾಪುರ ಮೇಲೆ ನೇರವಾಗಿ ವಾಡಿ ಸೇರಬಹುದು. ಕಲಬುರಗಿ, ಹೈದರಾಬಾದ್ ಕಡೆಯ ವ್ಯಾಪಾರಕ್ಕೆ ಗದಗ ಮತ್ತಷ್ಟು ಹತ್ತಿರ ಆಗಲಿದೆ.

ಟಿಕೆಟ್ ಕಾಯ್ದಿರಿಸಲು ಈಗ 60 ದಿನ ಮೊದಲಷ್ಟೇ ಅವಕಾಶ. 2024ರ ನವೆಂಬರ್ 1ರಿಂದ ಈ ನಿಯಮ ಬಂದಿದೆ, ಮೊದಲು 120 ದಿನ ಇತ್ತು. ತತ್ಕಾಲ್ ಟಿಕೆಟ್ ಹಿಂದಿನ ದಿನ ಎ.ಸಿ.ಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆಯುತ್ತದೆ. 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಿಸಿದ ಖಾತೆ ಬೇಕು. ರೈಲು ಎಲ್ಲಿದೆ, ತಡ ಐತೇನು ಎಂದು ತಿಳಿಯಲು 139ಕ್ಕೆ ಕರೆ ಮಾಡಬಹುದು.

ಗದಗ ಒಂದೇ ಅಲ್ಲ: ಗುಡಗೇರಿ, ಯಲವಿಗಿ

ಶಿರಹಟ್ಟಿ, ಲಕ್ಷ್ಮೇಶ್ವರ ಎರಡೂ ತಾಲ್ಲೂಕಿನಲ್ಲಿ ರೈಲು ನಿಲ್ದಾಣ ಇಲ್ಲ. ಆದರೆ ಲಕ್ಷ್ಮೇಶ್ವರದ ಪಶ್ಚಿಮಕ್ಕೆ ಹುಬ್ಬಳ್ಳಿ–ಬೆಂಗಳೂರು ಮುಖ್ಯ ಮಾರ್ಗ ಹಾಯುತ್ತದೆ. ಅದರ ಮೇಲೆ ಕುಂದಗೋಳ ತಾಲ್ಲೂಕಿನ ಗುಡಗೇರಿ, ಸವಣೂರು ತಾಲ್ಲೂಕಿನ ಯಲವಿಗಿ ನಿಲ್ದಾಣಗಳಿವೆ. ಲಕ್ಷ್ಮೇಶ್ವರದ ಜನ ಬಳಸೋದು ಇವನ್ನೇ. ಎಲ್ಲ ಎಕ್ಸ್‌ಪ್ರೆಸ್ ಗಾಡಿ ಇಲ್ಲಿ ನಿಲ್ಲೋದಿಲ್ಲ, ಕೇಳಿಕೊಂಡು ಹೋಗಬೇಕು. ದೊಡ್ಡ ಗಾಡಿ ಬೇಕಂದ್ರೆ ಹಾವೇರಿ ಇಲ್ಲವೇ ಹುಬ್ಬಳ್ಳಿ. ಧಾರವಾಡ–ಬೆಂಗಳೂರು ವಂದೇ ಭಾರತ್ 2023ರ ಜೂನ್ 27ರಿಂದ ಹುಬ್ಬಳ್ಳಿ ಮೇಲೆ ಓಡುತ್ತಿದೆ. ವಿಮಾನ ನಿಲ್ದಾಣವೂ ಹುಬ್ಬಳ್ಳಿಯಲ್ಲೇ.

ಬೆಳ್ಳಟ್ಟಿಯಿಂದ ಹುಬ್ಬಳ್ಳಿಗೆ ಹೋಗುವವರು ಲಕ್ಷ್ಮೇಶ್ವರ, ಗುಡಗೇರಿ, ಕುಂದಗೋಳ ಕಡೆಯಿಂದ ಹೋಗಬಹುದು. ಗದಗ ಮುಟ್ಟಿ ಹೋಗುವುದೆಂದರೆ ಉತ್ತರಕ್ಕೆ ಹೋಗಿ ಮತ್ತೆ ಪಶ್ಚಿಮಕ್ಕೆ ತಿರುಗಿದಂತೆ.

ಗದಗ–ಯಲವಿಗಿ ಮಾರ್ಗ: ಯಾಕೆ ಬೇಕು?

ಗದಗ ಮಾರ್ಗ ಒಂದು ಕಡೆ, ಬೆಂಗಳೂರು ಮಾರ್ಗ ಇನ್ನೊಂದು ಕಡೆ. ಎರಡರ ನಡುವೆ ಶಿರಹಟ್ಟಿ, ಲಕ್ಷ್ಮೇಶ್ವರ. ಇವನ್ನು ಜೋಡಿಸುವ ಗದಗ–ಯಲವಿಗಿ ಹೊಸ ರೈಲು ಮಾರ್ಗ ಈ ಭಾಗದ ದಶಕಗಳ ಬೇಡಿಕೆ. ಪ್ರಸ್ತಾವದ ಉದ್ದ 60 ಕಿ.ಮೀ. ಒಳಗೇ ಐತಿ. ಇದು ಆದರೆ ವಿಜಯಪುರ, ಬಾಗಲಕೋಟೆ ಕಡೆಯಿಂದ ಬೆಂಗಳೂರಿಗೆ ಹೋಗುವ ಗಾಡಿಗಳು ಹುಬ್ಬಳ್ಳಿಗೆ ಹೋಗಿ ತಿರುಗದೆ ಗದಗದಿಂದ ಸೀದಾ ದಕ್ಷಿಣಕ್ಕೆ ಇಳಿಯಬಹುದು. ಹುಬ್ಬಳ್ಳಿ ನಿಲ್ದಾಣದ ಒತ್ತಡವೂ ಇಳಿಯುತ್ತದೆ.

ಬೆಳ್ಳಟ್ಟಿಯ ರೈತನಿಗೆ ಇದರಿಂದ ಏನು ಸಿಗತದ ಅಂತ ಕೇಳಬಹುದು. ಉಳ್ಳಾಗಡ್ಡಿ, ಗೋವಿನಜೋಳ, ಶೇಂಗಾ, ಹತ್ತಿ, ಮೆಣಸಿನಕಾಯಿ ಬೆಳೆಯುವ ಸೀಮೆ ಇದು. ಇಲ್ಲಿಯ ಉಳ್ಳಾಗಡ್ಡಿ ಲಾರಿಯಲ್ಲೇ ಬೆಂಗಳೂರಿಗೆ ಹೋಗಬೇಕು. ದರ ಬಿದ್ದ ವರ್ಷ ಲಾರಿ ಬಾಡಿಗಿ ಕೊಟ್ಟ ಮ್ಯಾಲ ಕೈಗೆ ಏನೂ ಉಳಿಯೋದಿಲ್ಲ. ಶಿರಹಟ್ಟಿ ಇಲ್ಲಾ ಲಕ್ಷ್ಮೇಶ್ವರದಲ್ಲಿ ಸರಕು ಹೇರುವ ನಿಲ್ದಾಣ ಬಂದರೆ ಎರಡನೇ ದಾರಿ ಇರುತ್ತದೆ. ಎರಡನೇ ದಾರಿ ಇದ್ದಾಗಲೇ ಬಾಡಿಗಿಯ ಚೌಕಾಶಿ ನಡೆಯೋದು.

ಹೊಳಿ ದಾಟೋದು ಹ್ಯಾಂಗ?

ತುಂಗಭದ್ರೆಯ ಆಚೆ ದಂಡಿ ಕಣ್ಣಿಗೆ ಕಾಣತದ, ಆದರೆ ಅಲ್ಲಿಗೆ ಹೋಗಲು ಸುತ್ತಬೇಕು. ಮುಂಡರಗಿ ಕಡೆಯವರಿಗೆ ಮುಖ್ಯ ದಾರಿ ಕೊರ್ಲಹಳ್ಳಿ ಸೇತುವೆ. ಅದನ್ನು ದಾಟಿದರೆ ವಿಜಯನಗರ ಜಿಲ್ಲೆಯ ಹೂವಿನಹಡಗಲಿ, ಮುಂದೆ ಹರಪನಹಳ್ಳಿ. ಸಿಂಗಟಾಲೂರು ಏತ ನೀರಾವರಿ ಯೋಜನೆಯ ಬ್ಯಾರೇಜ್ ಇರುವುದು ಹಮ್ಮಿಗಿ ಬಳಿ. ಮಳೆಗಾಲದಲ್ಲಿ ಮೇಲಿನಿಂದ ನೀರು ಬಿಟ್ಟಾಗ ದಂಡಿಯ ತಗ್ಗಿನ ರಸ್ತೆಗಳಿಗೆ ನೀರು ಬರುವುದುಂಟು. ಆಗ ಹರಿಗೋಲು, ತೆಪ್ಪ ಹತ್ತದೆ ಸೇತುವೆ ಸುತ್ತಿ ಹೋಗೋದೇ ಲೇಸು.

ಅಂಗಡಿಕಾರರಿಗೆ: ಮಾಲು ತರೋದು, ಕಳಿಸೋದು

ಗದಗ-ಬೆಟಗೇರಿಯಿಂದ ಕಿರಾಣಿ, ಜವಳಿ, ಕಬ್ಬಿಣ, ಪೈಪು, ಬೀಜ-ಗೊಬ್ಬರ ತರುವವರು ಕೆಳಗಿನ ಮೂರು ವಿಷಯ ಗಮನಿಸಬೇಕು.

ನಮ್ಮ ಕಾರ್ಗೋ: ಸರ್ಕಾರಿ ಬಸ್‌ನಲ್ಲಿ ಪಾರ್ಸೆಲ್ ಕಳಿಸುವ ಸೇವೆ. 2021ರ ಫೆಬ್ರುವರಿಯಲ್ಲಿ ಶುರುವಾಗಿದೆ. ಮೋಟಾರ್ ಬಿಡಿಭಾಗ, ಔಷಧಿ, ಬಟ್ಟೆ ಗಂಟಿನಂಥ ಸಣ್ಣ, ಅರ್ಜೆಂಟ್ ಮಾಲಿಗೆ ಇದು ಅನುಕೂಲ. ಬುಕ್ಕಿಂಗ್ ಕೌಂಟರ್ ದೊಡ್ಡ ನಿಲ್ದಾಣದಲ್ಲಿ ಇರುತ್ತದೆ. ಆದ್ದರಿಂದ ನಿಮ್ಮ ಹತ್ತಿರದ ಕೌಂಟರ್ ಯಾವುದು ಅಂತ ಮೊದಲೇ ಕೇಳಿ, ಕಳಿಸುವವರಿಗೆ ಆ ನಿಲ್ದಾಣದ ಹೆಸರನ್ನೇ ಹೇಳಬೇಕು.

ಬಸ್‌ನೊಳಗಿನ ಲಗೇಜ್: ನಿಗದಿತ ತೂಕ ಮೀರಿದರೆ ಲಗೇಜ್ ಚೀಟಿ ತೆಗೆಸಬೇಕು. ಚೀಟಿ ಇಲ್ಲದ ಮಾಲು ತಪಾಸಣೆಯಲ್ಲಿ ಸಿಕ್ಕರೆ ದಂಡ. ಮಹಿಳೆಯರ ಉಚಿತ ಟಿಕೆಟ್ ಹೆಚ್ಚುವರಿ ಲಗೇಜಿಗೆ ಅನ್ವಯಿಸೋದಿಲ್ಲ.

ಇ-ವೇ ಬಿಲ್: ಒಂದು ಬಿಲ್ಲಿನ ಮಾಲಿನ ಬೆಲೆ ತೆರಿಗೆ ಸೇರಿ 50,000 ರೂಪಾಯಿ ದಾಟಿದರೆ ಬೇಕು. ರಾಜ್ಯದೊಳಗಿನ ಸಾಗಾಟಕ್ಕೆ ಕರ್ನಾಟಕದಲ್ಲಿ 2018ರ ಏಪ್ರಿಲ್ 1ರಿಂದಲೇ ಜಾರಿಯಲ್ಲಿದೆ. 200 ಕಿ.ಮೀ.ಗೆ ಒಂದು ದಿನದ ಅವಧಿ. ಗದಗದ ಟ್ರಾನ್ಸ್‌ಪೋರ್ಟ್ ಗೋದಾಮಿನಿಂದ ನಿಮ್ಮ ಅಂಗಡಿಗೆ ಬರುವ ಕೊನೆಯ ಹಂತ 50 ಕಿ.ಮೀ. ಒಳಗಿದ್ದರೆ ಆ ಹಂತಕ್ಕೆ ಹೊಸ ವಾಹನದ ನಂಬರ್ ಹಾಕಬೇಕಿಲ್ಲ. ಆದರೆ ಬಿಲ್ ಮತ್ತು ಇ-ವೇ ಬಿಲ್ ನಂಬರ್ ಡ್ರೈವರ್ ಕೈಯಲ್ಲಿ ಇರಬೇಕು. ಉಳ್ಳಾಗಡ್ಡಿಯಂಥ ತಾಜಾ ತರಕಾರಿಗೆ ಇ-ವೇ ಬಿಲ್ ಬೇಡ.

ನಾಲ್ಕಾರು ಅಂಗಡಿಯವರು ಕೂಡಿ ವಾರಕ್ಕೆ ಎರಡು ದಿನ ಒಂದೇ ವಾಹನ ಗೊತ್ತು ಮಾಡಿಕೊಂಡರೆ ಬಾಡಿಗಿ ಹಂಚಿ ಹೋಗುತ್ತದೆ. ವಾಪಸ್ ಹೋಗುವಾಗ ಅದೇ ಗಾಡಿಗೆ ರೈತರ ಕಾಳು-ಕಡಿ ಸಿಕ್ಕರೆ ಇನ್ನೂ ಅಗ್ಗ. ಖಾಲಿ ಬರುವ ಗಾಡಿಯ ಡೀಸೆಲ್ ದುಡ್ಡು ಕೊನೆಗೆ ಗಿರಾಕಿಯ ತಲೆ ಮೇಲೇ ಬೀಳೋದು.

ಆಸ್ಪತ್ರೆಗೆ ಹೋಗುವಾಗ

ತುರ್ತು ಇದ್ದರೆ 108. ಕರೆ ಮಾಡಿದಾಗ ಊರಿನ ಹೆಸರಷ್ಟೇ ಹೇಳದೆ ತಾಲ್ಲೂಕು, ಯಾವ ರಸ್ತೆ, ಹತ್ತಿರದ ಗುಡಿ ಇಲ್ಲಾ ಶಾಲೆ ಹೇಳಬೇಕು. ಜಿಲ್ಲೆಯ ದೊಡ್ಡ ಸರ್ಕಾರಿ ಆಸ್ಪತ್ರೆ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಜಿಮ್ಸ್. ಇದು ಗದಗ ಊರೊಳಗಿಲ್ಲ, ಮುಳಗುಂದ ರಸ್ತೆಯ ಮಲ್ಲಸಮುದ್ರದಲ್ಲಿದೆ. ಬಸ್‌ನಲ್ಲಿ ಹೋಗುವವರು ಗದಗ ನಿಲ್ದಾಣದಿಂದ ಮತ್ತೊಂದು ಬಸ್ ಇಲ್ಲಾ ಆಟೊ ಲೆಕ್ಕ ಹಾಕಿಕೊಳ್ಳಬೇಕು. ಬೆಳಗಿನ ಒಪಿಡಿ ಚೀಟಿ ಸಿಗಬೇಕಂದ್ರೆ ಊರಿನ ಮೊದಲ ಬಸ್ಸೇ ಹಿಡಿಯಬೇಕು. ಇನ್ನೂ ಹೆಚ್ಚಿನ ಚಿಕಿತ್ಸೆಗೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್).

ರಸ್ತೆ ಯಾಕೆ ಬೇಗ ಕೆಡತದ? ಯಾರನ್ನು ಕೇಳಬೇಕು?

ಈ ಭಾಗದಲ್ಲಿ ಮಸಾರಿ ಮಣ್ಣೂ ಐತಿ, ಎರಿ ಮಣ್ಣೂ ಐತಿ. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ಹಾಕಿದ ರಸ್ತೆಯ ಬುಡ ಗಟ್ಟಿ ಇರದಿದ್ದರೆ ಡಾಂಬರು ಎಷ್ಟು ದಪ್ಪ ಹಾಕಿದರೂ ಅಂಚು ಕುಸಿಯುತ್ತದೆ. ಎರಡನೇ ಕಾರಣ ನೀರು. ಪಕ್ಕದ ಕಾಲುವೆ ಮುಚ್ಚಿ ಹೋದರೆ ಮಳೆ ನೀರು ರಸ್ತೆ ಮೇಲೇ ನಿಂತು ಒಳಗೆ ಇಳಿಯುತ್ತದೆ. ಮೂರನೆಯದು ಭಾರ. ಹಳ್ಳಿ ರಸ್ತೆಯನ್ನು ಬಸ್, ಟ್ರ್ಯಾಕ್ಟರ್ ಲೆಕ್ಕಕ್ಕೆ ಮಾಡಿರುತ್ತಾರೆ. ಅದರ ಮೇಲೆ ಮಿತಿ ಮೀರಿ ಮರಳು, ಜಲ್ಲಿ ತುಂಬಿದ ಟಿಪ್ಪರ್ ಓಡಿದರೆ ಒಂದೇ ಮಳೆಗಾಲ ಸಾಕು.

ದೂರು ಕೊಡುವ ಮೊದಲು ರಸ್ತೆ ಯಾರದು ಅಂತ ತಿಳಿಯಬೇಕು. ಇಲ್ಲದಿದ್ದರೆ "ಇದು ನಮ್ಮದಲ್ಲ" ಎಂಬ ಉತ್ತರ ಕೇಳಿ ವಾಪಸ್ ಬರಬೇಕಾಗುತ್ತದೆ. ರಸ್ತೆ ಪಕ್ಕದ ಕಿ.ಮೀ. ಕಲ್ಲಿನ ತಲೆಯ ಬಣ್ಣ ನೋಡ್ರಿ:

* ಹಳದಿ: ರಾಷ್ಟ್ರೀಯ ಹೆದ್ದಾರಿ.
* ಹಸಿರು: ರಾಜ್ಯ ಹೆದ್ದಾರಿ. ಲೋಕೋಪಯೋಗಿ ಇಲಾಖೆ.
* ಕಪ್ಪು, ನೀಲಿ ಇಲ್ಲಾ ಬಿಳಿ: ಜಿಲ್ಲಾ ಮುಖ್ಯ ರಸ್ತೆ. ಇದೂ ಲೋಕೋಪಯೋಗಿ.
* ಕಿತ್ತಳೆ: ಗ್ರಾಮ ಸಡಕ್ ಯೋಜನೆಯ ಹಳ್ಳಿ ರಸ್ತೆ. ಇಂಥ ರಸ್ತೆಗೆ ಗುತ್ತಿಗೆದಾರರೇ 5 ವರ್ಷ ನಿರ್ವಹಣೆ ಮಾಡಬೇಕು. ಕಾಮಗಾರಿ ಮುಗಿದ ದಿನಾಂಕ ಅಲ್ಲೇ ಫಲಕದ ಮೇಲೆ ಬರೆದಿರುತ್ತದೆ.

ಊರೊಳಗಿನ ಓಣಿ, ಗಟಾರು ಗ್ರಾಮ ಪಂಚಾಯಿತಿಗೆ ಸೇರಿದ್ದು. ಉಳಿದ ಹಳ್ಳಿ ರಸ್ತೆಗಳಿಗೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗವನ್ನು ಕೇಳಬೇಕು.

ಹೊಸ ಬಸ್ ಬೇಕಂದ್ರೆ ಅರ್ಜಿ ಹ್ಯಾಂಗ ಬರೀಬೇಕು?

"ನಮ್ಮೂರಿಗೆ ಬಸ್ ಬಿಡಿ" ಅಂತ ಬರೆದ ಅರ್ಜಿಗೆ ಬೆಲೆ ಕಡಿಮೆ. ಸಾರಿಗೆ ಸಂಸ್ಥೆ ನೋಡೋದು ಕಿ.ಮೀ. ಮತ್ತು ಪ್ರಯಾಣಿಕರ ಲೆಕ್ಕ. ಹೀಗಾಗಿ ಅರ್ಜಿಯಲ್ಲಿ ಇವು ಇರಲಿ:

1. ಯಾವ ವೇಳೆಗೆ, ಎಲ್ಲಿಂದ ಎಲ್ಲಿಗೆ ಬೇಕು. ಈಗಿರುವ ಬಸ್‌ಗೂ ಅದಕ್ಕೂ ಎಷ್ಟು ತಾಸಿನ ಅಂತರ.
2. ಒಂದು ವಾರ ನಿಲ್ದಾಣದಲ್ಲಿ ಎಣಿಸಿದ ಜನರ ಸಂಖ್ಯೆ. ಪಾಸ್ ಇರುವ ವಿದ್ಯಾರ್ಥಿಗಳು ಎಷ್ಟು, ಮಹಿಳೆಯರು ಎಷ್ಟು, ಉಳಿದವರು ಎಷ್ಟು ಎಂದು ಬೇರೆ ಬೇರೆ.
3. ಶಾಲೆ-ಕಾಲೇಜಿನ ಮುಖ್ಯಸ್ಥರ ಪತ್ರ, ಗ್ರಾಮ ಪಂಚಾಯಿತಿ ಠರಾವಿನ ಪ್ರತಿ.
4. ಹೊಸ ಬಸ್ ಕೇಳುವ ಮೊದಲು ಈಗಿನ ಬಸ್ಸೇ ಮುಂದಿನ ಹಳ್ಳಿಗೆ ಹೋಗಬಹುದೇ, ವೇಳೆ ಅರ್ಧ ತಾಸು ಬದಲಿಸಬಹುದೇ ಎಂಬ ಸಲಹೆ. ಇದಕ್ಕೆ ಒಪ್ಪಿಗೆ ಬೇಗ ಸಿಗುವ ಸಾಧ್ಯತೆ ಹೆಚ್ಚು.

ಅರ್ಜಿಯನ್ನು ಘಟಕ ವ್ಯವಸ್ಥಾಪಕರಿಗೆ ಕೊಟ್ಟು, ಪ್ರತಿಯನ್ನು ಗದಗದ ವಿಭಾಗೀಯ ನಿಯಂತ್ರಣಾಧಿಕಾರಿಗೆ ಕಳಿಸಿ, ಎರಡೂ ಕಡೆ ಸ್ವೀಕೃತಿ ಸಹಿ ತೆಗೆದುಕೊಳ್ಳಬೇಕು.

ಗದಗ ನಿಲ್ದಾಣ ಹೊಸದಾಗಿದೆ, ಹಳಿ ವಾಡಿ ಕಡೆ ಬೆಳೀತಿದೆ. ಇವೆಲ್ಲದರ ಲಾಭ ಬೆಳ್ಳಟ್ಟಿಗೆ ಮುಟ್ಟಬೇಕಂದ್ರೆ ಮೊದಲು ಬೇಕಿರೋದು ಎರಡು: ಬೆಳಗಿನ ಗಾಡಿಗೆ ಹೊಂದುವ ಒಂದು ಬಸ್, ರಾತ್ರಿ ರೈಲು ಇಳಿದವರನ್ನು ಶಿರಹಟ್ಟಿ ದಾಟಿಸಿ ಊರು ಮುಟ್ಟಿಸುವ ಒಂದು ಬಸ್. ಬೆಳ್ಳಟ್ಟಿ ಭಾಗದ ಹಳ್ಳಿಗಳು ಕೂಡಿ ಒಂದೇ ಅರ್ಜಿ ಕೊಟ್ಟರೆ ಲೆಕ್ಕವೂ ದೊಡ್ಡದಾಗತದ, ದನಿಯೂ ದೊಡ್ಡದಾಗತದ.